ಸಾಲದ ಪತ್ರ, ಶಾಲೆಯ ಬಾಗಿಲು

ಮಾಡಿದ ಸಾಲ ತೀರಿಸುವುದು ಸರ್ಕಾರದ ಧರ್ಮ. ಮಕ್ಕಳಿಗೆ ಅಕ್ಷರ ಕಲಿಸುವುದೂ ಅದರ ಧರ್ಮವೇ. ಬೊಕ್ಕಸದಲ್ಲಿ ಎರಡಕ್ಕೂ ಸಾಲುವಷ್ಟು ಹಣವಿಲ್ಲದಿದ್ದರೆ ಯಾವುದು ಮೊದಲು? 1870ರ ದಶಕದಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯ ಈ ಇಕ್ಕಟ್ಟಿಗೆ ಸಿಲುಕಿತ್ತು. ಅದಕ್ಕೊಂದು ದಾರಿ ತೋರಿದವನು ವಿಲಿಯಂ ಮಹೋನ್.

1826ರಲ್ಲಿ ಪಾನಗೃಹವೊಂದರ ಮಾಲೀಕನ ಮಗನಾಗಿ ಜನಿಸಿದ ಆತ, 1847ರಲ್ಲಿ ವರ್ಜೀನಿಯಾ ಸೈನಿಕ ಶಿಕ್ಷಣ ಸಂಸ್ಥೆಯಿಂದ ಪದವಿ ಪಡೆದು ರೈಲ್ವೆ ಎಂಜಿನಿಯರನಾದ. ಜೌಗು ಪ್ರದೇಶದಲ್ಲಿ ಮರದ ದಿಮ್ಮಿಗಳನ್ನು ಹಾಸಿ, ಅದರ ಮೇಲೆ ನಾರ್ಫೋಕ್–ಪೀಟರ್ಸ್‌ಬರ್ಗ್ ಹಳಿಯನ್ನು ಎಳೆದು 1858ರಲ್ಲಿ ಪೂರ್ಣಗೊಳಿಸಿದ.

ಅಂತರ್ಯುದ್ಧದಲ್ಲಿ ಆತ ಗುಲಾಮಗಿರಿಯ ಪರವಾಗಿದ್ದ ದಕ್ಷಿಣದ ದಂಡನಾಯಕ. 1864ರ ಜುಲೈ 30ರಂದು ಶತ್ರುಗಳು ಪೀಟರ್ಸ್‌ಬರ್ಗ್‌ನ ಕೋಟೆಸಾಲಿನಡಿ ಸುರಂಗ ಕೊರೆದು ಸಿಡಿಮದ್ದು ಸ್ಫೋಟಿಸಿದಾಗ, ಪ್ರತಿದಾಳಿ ನಡೆಸಿ ಗೆದ್ದವನು ಆತನೇ. ಅಂದು ಶರಣಾದ ಕಪ್ಪು ಸೈನಿಕರನ್ನೂ ಆತನ ಪಡೆ ಕೊಂದಿತು. ಆ ಕಳಂಕ ಅಳಿಯುವಂಥದಲ್ಲ.

ಯುದ್ಧಾನಂತರ ಮೂರು ರೈಲ್ವೆಗಳನ್ನು ಒಂದುಗೂಡಿಸಿದ. ಆದರೆ 1873ರ ಆರ್ಥಿಕ ಕುಸಿತದ ಹೊಡೆತಕ್ಕೆ ಆ ಕಂಪನಿ ತತ್ತರಿಸಿ, ಕೊನೆಗೆ ಕೈತಪ್ಪಿತು.

ರಾಜ್ಯದ ಸ್ಥಿತಿಯೂ ಭಿನ್ನವಾಗಿರಲಿಲ್ಲ. ಯುದ್ಧಪೂರ್ವದ ಸಾಲ ಬಡ್ಡಿಸಮೇತ ಸುಮಾರು 4.5 ಕೋಟಿ ಡಾಲರಿಗೆ ಏರಿತ್ತು. 1871ರ ಕಾಯ್ದೆಯ ಪ್ರಕಾರ ಸಾಲಪತ್ರಗಳ ಬಡ್ಡಿ ಚೀಟಿಯನ್ನೇ ತೆರಿಗೆಯಾಗಿ ಸಲ್ಲಿಸಬಹುದಿತ್ತು. ಹೀಗಾಗಿ ಬೊಕ್ಕಸಕ್ಕೆ ನಗದು ಬರುವುದು ಕಡಿಮೆಯಾಯಿತು, ಶಾಲೆಗಳು ಮುಚ್ಚತೊಡಗಿದವು. ರಾಜ್ಯದ ಮರ್ಯಾದೆಯ ಪ್ರಶ್ನೆಯೆಂದು ಗಣ್ಯರು ಪೂರ್ತಿ ಸಾಲ ತೀರಿಸಲು ಪಟ್ಟುಹಿಡಿದರು.

ಮಹೋನ್ 1879ರಲ್ಲಿ ‘ರೀಅಡ್ಜಸ್ಟರ್’ ಪಕ್ಷ ಕಟ್ಟಿ, ಬಡ ಬಿಳಿಯರನ್ನೂ ಬಿಡುಗಡೆಗೊಂಡಿದ್ದ ಕಪ್ಪು ಮತದಾರರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ. ಶಾಸನಸಭೆಯಲ್ಲಿ ಬಹುಮತ ಬಂತು. 1881ರಲ್ಲಿ ಆತ ಸೆನೆಟ್ ಸದಸ್ಯನಾದ. 1882ರ ಕಾಯ್ದೆ ಸಾಲವನ್ನು ಸುಮಾರು 2.1 ಕೋಟಿ ಡಾಲರಿಗೆ ಇಳಿಸಿತು. ಶಾಲೆಗಳು ಮತ್ತೆ ತೆರೆದವು. ಮತದಾನಕ್ಕೆ ತಲೆಗಂದಾಯ ಕಟ್ಟಬೇಕೆಂಬ ನಿಯಮವೂ ಛಡಿ ಏಟಿನ ಶಿಕ್ಷೆಯೂ ರದ್ದಾದವು. ಪೀಟರ್ಸ್‌ಬರ್ಗ್‌ ಬಳಿ ಕಪ್ಪು ವಿದ್ಯಾರ್ಥಿಗಳಿಗಾಗಿ ಉನ್ನತ ಶಿಕ್ಷಣ ಸಂಸ್ಥೆ ಸ್ಥಾಪನೆಯಾಯಿತು.

ಆತ ಸಂತನೇನಲ್ಲ. ಸರ್ಕಾರಿ ಹುದ್ದೆಗಳನ್ನು ಹಂಚಿ, ಪಕ್ಷವನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದ. ಆದರೆ ಆತನನ್ನು ಉರುಳಿಸಿದ್ದು ಈ ದೋಷಗಳಿಗಿಂತ ಹೆಚ್ಚಾಗಿ ವರ್ಣದ್ವೇಷ. 1883ರ ನವೆಂಬರ್‌ನಲ್ಲಿ, ಚುನಾವಣೆಗೆ ಕೆಲವೇ ದಿನ ಮೊದಲು, ಡ್ಯಾನ್ವಿಲ್‌ನಲ್ಲಿ ಕಪ್ಪು ಜನರು ಗುಂಡಿಗೆ ಬಲಿಯಾದರು. ಆ ಭೀತಿಯ ನಡುವೆ ಪಕ್ಷ ಬಹುಮತ ಕಳೆದುಕೊಂಡಿತು. 1889ರಲ್ಲಿ ಗವರ್ನರ್ ಸ್ಥಾನಕ್ಕೆ ನಿಂತು ಸೋತ ಮಹೋನ್ 1895ರಲ್ಲಿ ತೀರಿಕೊಂಡ. 1902ರ ರಾಜ್ಯ ಸಂವಿಧಾನ ತಲೆಗಂದಾಯದ ನಿಯಮವನ್ನು ಮರಳಿ ತಂದು, ಕಪ್ಪು ಜನರಲ್ಲಿ ಬಹುಪಾಲಿನವರ ಮತಾಧಿಕಾರವನ್ನು ಕಸಿದುಕೊಂಡಿತು.

ಆದರೂ ಒಂದು ಮಾತು ಗಮನಾರ್ಹ. ಸಾಲ ಕಡಿತವನ್ನು ಅಪ್ರಾಮಾಣಿಕತೆಯೆಂದು ಜರೆದ ವಿರೋಧಿಗಳು ಅಧಿಕಾರಕ್ಕೆ ಬಂದ ಮೇಲೆ ಅದನ್ನು ರದ್ದುಪಡಿಸಲಿಲ್ಲ. ಆತನ ಕಾಲದಲ್ಲಿ ಹುಟ್ಟಿದ ಶಿಕ್ಷಣ ಸಂಸ್ಥೆ ಇಂದು ವರ್ಜೀನಿಯಾ ಸ್ಟೇಟ್ ವಿಶ್ವವಿದ್ಯಾಲಯವಾಗಿದೆ. ಸಾಲಗಾರರ ಲೆಕ್ಕದಲ್ಲಿ ಆ ಹಣ ನಷ್ಟವೆಂದೇ ದಾಖಲಾಗಿರಬಹುದು. ಅದರಿಂದ ಅಕ್ಷರ ಕಲಿತವರ ಲೆಕ್ಕವೇ ಬೇರೆ.