ಮುಳುಗಿದ ಮೆಣಸಿಗೂ ಲೆಕ್ಕ ಕೊಟ್ಟವರು: ಮಂಗಳೂರಿನ ಬೆನ್ ಯಿಜು ಕತೆ

ಬೇಲೂರು ತಾಲೂಕಿನ ಗೆಂಡೆಹಳ್ಳಿ ಕಡೆಯ ಕಾಫಿ, ಮೆಣಸು ಘಟ್ಟ ಇಳಿದು ಸಮುದ್ರ ದಾಟುವಷ್ಟರಲ್ಲಿ ಅದರ ಬೆಲೆಗೆ ಏನೇನು ಸೇರುತ್ತದೆ, ಯಾರ ಪಾಲಿನಿಂದ ಏನೇನು ಕಳೆಯುತ್ತದೆ? 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ, ಯುರೋಪಿನ ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದಾಗ ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿತು. ಹಡಗು ಕಂಪನಿಗಳ ಬ್ಯಾಲೆನ್ಸ್ ಶೀಟ್ ಓದಲು ಕೂತೆ. ಎಂಜಿನಿಯರಿಂಗ್ ಓದಿದವನಿಗೆ ಅಂಕಿಗಳ ಭಯ ಇಲ್ಲ ಅಂದುಕೊಂಡಿದ್ದೆ. ಆದರೆ ಮಾಲೀಕ ಒಂದು ದೇಶ, ಧ್ವಜ ಇನ್ನೊಂದು ದೇಶ, ವಿಮೆ ಮತ್ತೊಂದು ದೇಶ. ಲೆಕ್ಕದ ತಲೆಬುಡ ಸಿಗಲಿಲ್ಲ.

ಕೊನೆಗೆ ದಾರಿ ತೋರಿಸಿದವನು ಸುಮಾರು 900 ವರ್ಷ ಹಿಂದೆ ಮಂಗಳೂರಿನಲ್ಲಿ ಕೂತು ಲೆಕ್ಕ ಬರೆಯುತ್ತಿದ್ದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು. ಅಮಿತಾವ್ ಘೋಷ್ 1992ರಲ್ಲಿ ಪ್ರಕಟಿಸಿದ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' ಓದಿದವರಿಗೆ ಈತ ಗೊತ್ತು. ಕೈರೋದ ಹಳೆಯ ಸಿನಗಾಗ್ ಒಂದರ ಕೋಣೆಯಲ್ಲಿ ಶತಮಾನಗಳ ಕಾಲ ಬಿದ್ದಿದ್ದ ಕಾಗದಗಳಲ್ಲಿ ಇವನ ಪತ್ರ, ಲೆಕ್ಕಪತ್ರಗಳೂ ಇದ್ದವು. ವಿದ್ವಾಂಸ ಗೊಯಿಟೈನ್ ಅವನ್ನು ಹುಡುಕಿ ಜೋಡಿಸಿದರು.

ಬೆನ್ ಯಿಜು ಊರು ಈಗಿನ ಟುನೀಷಿಯಾದ ಮಹ್ದಿಯಾ. ಏಡನ್‌ಗೆ ಬಂದು, ಅಲ್ಲಿಂದ ಮಂಗಳೂರು ಸೇರಿದ. 1132ರ ಅಕ್ಟೋಬರ್ 17ರಂದು ಅವನು ಅಶು ಎಂಬ ಗುಲಾಮ ಹೆಂಗಸನ್ನು ಬಿಡುಗಡೆ ಮಾಡಿ ಬರೆದ ಪತ್ರ ಉಳಿದಿದೆ. ಅವನ ಮಕ್ಕಳ ತಾಯಿ ಆಕೆಯೇ ಎಂದು ವಿದ್ವಾಂಸರು ನಂಬುತ್ತಾರೆ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾಗಿ (1117) ಆಗಿನ್ನೂ 15 ವರ್ಷ. ಘಟ್ಟದ ಮೇಲೆ ವಿಷ್ಣುವರ್ಧನ, ಕರಾವಳಿಯಲ್ಲಿ ಆಳುಪರು. ಇಲ್ಲಿಂದ ಅವನು ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಹಿತ್ತಾಳೆ ಪಾತ್ರೆಗಳ ಕಾರ್ಖಾನೆಯನ್ನೂ ಇಟ್ಟಿದ್ದ. ಆಚೆಯಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ, ತಾಮ್ರ ಬರುತ್ತಿತ್ತು.

ಏಡನ್‌ನಲ್ಲಿ ಅವನ ದೊಡ್ಡ ಆಸರೆ ಮದ್ಮುನ್. ಈತ ವ್ಯಾಪಾರಿಗಳ ಪ್ರತಿನಿಧಿ, ಬಂದರಿನ ಅಧಿಕಾರಸ್ಥ, ಜೊತೆಗೆ ಹಡಗಿನ ಮಾಲೀಕ. ಏಡನ್‌ನ ರಾಜ್ಯಪಾಲನ ಜೊತೆಗೂಡಿಯೇ ಒಂದು ಹಡಗನ್ನು ಸಿಂಹಳಕ್ಕೆ ಕಳಿಸಿದ್ದ. ಇವತ್ತಿನ ಭಾಷೆಯಲ್ಲಿ ಇದು ಪಕ್ಕಾ ಹಿತಾಸಕ್ತಿ ಸಂಘರ್ಷ. ಮಂಗಳೂರಿನ ವ್ಯಾಪಾರಿಗಳು ಹಡಗು ಸಜ್ಜು ಮಾಡುವುದಾದರೆ ತಾನೂ ಪಾಲು ಹಾಕುತ್ತೇನೆಂದು ಬೆನ್ ಯಿಜುಗೆ ಬರೆದಿದ್ದ. ಅಂದರೆ ಬಂಡವಾಳಕ್ಕೆ ಆಗ ಧರ್ಮ, ಭಾಷೆ ಅಡ್ಡಿಯಾಗಿರಲಿಲ್ಲ.

ಆಡಿಟರ್ ಅಂತ ಯಾರೂ ಇಲ್ಲದ ಈ ವ್ಯವಹಾರ ನಡೆದದ್ದು ಹೇಗೆ? ಲೆಕ್ಕದಿಂದಲೇ. ಎಷ್ಟು ಮೆಣಸು ಮಾರಿತು, ಸುಂಕ ಎಷ್ಟು, ಖರ್ಚು ಎಷ್ಟು, ಉಳಿದ ದುಡ್ಡಿನಲ್ಲಿ ಏನು ಕೊಂಡು ಕಳಿಸಿದ್ದೇನೆ, ಎಲ್ಲವೂ ಬಿಡಿಬಿಡಿಯಾಗಿ ಪತ್ರದಲ್ಲಿರುತ್ತಿತ್ತು. ಹಡಗು ಮುಳುಗಿದರೂ ಲೆಕ್ಕ ಮುಳುಗದಿರಲಿ ಅಂತ ಪತ್ರದ ಪ್ರತಿಗಳನ್ನು ಬೇರೆ ಬೇರೆ ಹಡಗಿನಲ್ಲಿ ಕಳಿಸುತ್ತಿದ್ದರು. ಬಂದ ಪತ್ರದ ಖಾಲಿ ಜಾಗದಲ್ಲಿ ಬೆನ್ ಯಿಜು ತನ್ನ ಲೆಕ್ಕ ಬರೆದುಕೊಳ್ಳುತ್ತಿದ್ದ. ಅವನ ಗುಲಾಮನೂ ಏಜೆಂಟನೂ ಆಗಿದ್ದ ಬೊಮ್ಮ 1135ರಲ್ಲಿ ಏಡನ್‌ಗೆ ಹೋದಾಗ, ಅಲ್ಲಿ ಅವನಿಗೆ ಕೊಟ್ಟ ದುಡ್ಡು ಕೂಡ ಖಾತೆಗೆ ಏರಿತು.

ಅಸಲಿ ಪರೀಕ್ಷೆ ನಷ್ಟದ ಹೊತ್ತಿನಲ್ಲಿ. ಒಮ್ಮೆ ಅವನ ಸರಕಿದ್ದ ಹಡಗು ಬಾಬ್ ಅಲ್ ಮಂದಬ್ ಬಳಿ ಮುಳುಗಿತು. ಅದೇ ಜಲಸಂಧಿ, 2023ರ ಕೊನೆಗೆ ದಾಳಿ ಶುರುವಾದಾಗ ಹಡಗುಗಳು ಹೆದರಿ ದೂರ ಸರಿದದ್ದು. ಮೆಣಸು ಪೂರ್ತಿ ಹೋಯಿತು. ಏಡನ್‌ನಿಂದ ಮುಳುಗುಗಾರರನ್ನು ಕರೆಸಿ ಕಬ್ಬಿಣದ ಸುಮಾರು ಅರ್ಧವನ್ನು ಮೇಲೆತ್ತಿಸಿದರು. ಅವರ ಕೂಲಿಯ ಖರ್ಚು ಕಳೆದು, ಉಳಿದದ್ದನ್ನು ಪಾಲುದಾರರಿಗೆ ಅವರವರ ಪಾಲಿನಂತೆ ಹಂಚುವುದೆಂದು ಬೆನ್ ಯಿಜುಗೆ ಪತ್ರ ಬಂತು. ಇನ್ನೊಮ್ಮೆ ಏಲಕ್ಕಿಗೆಂದು ಮುಂಗಡ ತೆಗೆದುಕೊಂಡ ಇಲ್ಲಿನ ಕಾರ್ದಾರ, ಅಂದರೆ ದಲ್ಲಾಳಿ, ಮಾಲು ಕೊಡಲೇ ಇಲ್ಲ. ಏಡನ್‌ನ ಪಾಲುದಾರ ಕೊಟ್ಟ ಸಲಹೆ: ಸಾಲ ತೀರಿಸದವರಿಗೆ ಇಲ್ಲಿ ಬಹಿಷ್ಕಾರ ಹಾಕುತ್ತೇವೆಂದು ಹೆದರಿಸಿ ನೋಡು. ಕೋರ್ಟು ಕೈಗೆಟುಕದ ಕಡೆ ಹೆಸರು ಕೆಡುವ ಭಯವೇ ಕಾನೂನು.

1149ರಲ್ಲಿ ಬೆನ್ ಯಿಜು ಮಂಗಳೂರು ಬಿಟ್ಟ. ಪರಕೀಯರ ಜೊತೆ ಅಷ್ಟು ವರ್ಷ ವ್ಯವಹರಿಸಿದವನಿಗೆ ದೊಡ್ಡ ಮೋಸ ಮಾಡಿದ್ದು ಸ್ವಂತ ತಮ್ಮ. ಯೆಮೆನ್‌ನಲ್ಲಿದ್ದಾಗ ಮಗ ಸುರೂರ್ ತೀರಿಕೊಂಡ. ಕೊನೆಗೆ ಈಜಿಪ್ಟ್ ಸೇರಿ, 1156ರಲ್ಲಿ ಮಗಳನ್ನು ಅಣ್ಣತಮ್ಮಂದಿರಲ್ಲೊಬ್ಬನ ಮಗನಿಗೆ ಮದುವೆ ಮಾಡಿಕೊಟ್ಟ.

ಆ ಕಾಲ ಚಿನ್ನದಂಥದ್ದು ಅಂತ ನಾನು ಹೇಳುತ್ತಿಲ್ಲ. ಮನುಷ್ಯರನ್ನೇ ಕೊಂಡು ಮಾರುತ್ತಿದ್ದ ಲೋಕ ಅದು. ಲೆಕ್ಕದ ಸರಪಳಿ ಕೂಡ ಕಾರ್ದಾರನ ಹತ್ತಿರ ಬಂದು ನಿಲ್ಲುತ್ತದೆ. ಏಲಕ್ಕಿ ಬಿಡಿಸಿದ ಕೈಗೆ ಏನು ಸಿಕ್ಕಿತೆಂದು ಅಲ್ಲಿ ಕಾಣುವುದಿಲ್ಲ. ಆದರೆ ಪಾಲುದಾರನಿಗೆ ತನ್ನ ನಷ್ಟ ಎಷ್ಟು, ಯಾಕೆ ಎನ್ನುವುದಾದರೂ ಸಾಲುಸಾಲಾಗಿ ಗೊತ್ತಿತ್ತು.

ಈಗ ನೋಡಿ. 2025ರ ಮೇ ತಿಂಗಳಲ್ಲಿ ಲೈಬೀರಿಯಾ ಧ್ವಜದ ಎಂಎಸ್‌ಸಿ ಎಲ್ಸಾ 3, 600ಕ್ಕೂ ಹೆಚ್ಚು ಕಂಟೇನರ್ ಹೊತ್ತು ಕೇರಳದ ಕಡಲಲ್ಲಿ ಮುಳುಗಿತು. ಕೇರಳ ಸರ್ಕಾರ ಹೈಕೋರ್ಟಿನಲ್ಲಿ 9,531 ಕೋಟಿ ರೂಪಾಯಿ ಪರಿಹಾರ ಕೇಳಿತು. ಆದರೆ ಹಡಗಿನ ಗಾತ್ರಕ್ಕೆ ತಕ್ಕಂತೆ ಮಾಲೀಕ ತನ್ನ ಹೊಣೆಗೆ ಮಿತಿ ಹಾಕಿಕೊಳ್ಳಲು ಅಂತರರಾಷ್ಟ್ರೀಯ ನಿಯಮವೇ ಅವಕಾಶ ಕೊಡುತ್ತದೆ. ಭಾರತದಲ್ಲಿ 2004ರಿಂದ ಹಡಗು ಕಂಪನಿಗಳು ಲಾಭದ ಬದಲು ಹಡಗಿನ ಟನ್ನೇಜ್ ಮೇಲೆ ತೆರಿಗೆ ಕಟ್ಟುವ ದಾರಿಯನ್ನೂ ಆರಿಸಿಕೊಳ್ಳಬಹುದು. ಇಷ್ಟೆಲ್ಲ ಆಡಿಟ್ ಆಗುತ್ತದೆ, ಸಹಿ ಬೀಳುತ್ತದೆ. ಲಾಭ ಎಲ್ಲಿ ಹೋಯಿತು, ನಷ್ಟ ಯಾರ ತಲೆಗೆ ಬಂತು ಎನ್ನುವುದು ಮಾತ್ರ ದಡದಲ್ಲಿರುವವರಿಗೆ ಕಾಣುವುದಿಲ್ಲ.

ಗೆಂಡೆಹಳ್ಳಿಯ ಬೆಳೆಗಾರನಿಗೆ ವ್ಯಾಪಾರಿ ಕೊಡುವ ಪಟ್ಟಿಯಲ್ಲಿ ತೂಕ, ದರ ಇರುತ್ತದೆ. ಹಡಗಿನ ಬಾಡಿಗೆ ಏರಿತು, ಹಾಗಾಗಿ ದರ ಇಳಿಯಿತು ಅಂತ ಯಾರಾದರೂ ಹೇಳಿದರೆ ಆ ಬಾಡಿಗೆಯ ಸಾಲು ತೋರಿಸಿ ಅಂತ ಕೇಳುವ ಹಕ್ಕು ಅವನಿಗೆ ಇರಬೇಕು. ಏಡನ್‌ನವರು ಮಂಗಳೂರಿಗೆ ಬರೆದು ಕಳಿಸುತ್ತಿದ್ದ ಲೆಕ್ಕವನ್ನು ಘಟ್ಟದ ಮೇಲಕ್ಕೂ ಕಳಿಸಿ ಅನ್ನುವುದಷ್ಟೇ ಈ ಬೇಡಿಕೆ.