ಲಿವರ್ ಕಾಯುವ ಗ್ಲುಟಾಥಯೋನ್: ಅದಕ್ಕೆ ಹೆಸರಿಟ್ಟ ಹಾಪ್‌ಕಿನ್ಸ್ ಯಾರು?

ಗ್ಲುಟಾಥಯೋನ್ ಮಾತ್ರೆ ನುಂಗಿದರೆ ಲಿವರ್ ಕ್ಲೀನ್ ಆಗುತ್ತದೆ, ಇಂಜೆಕ್ಷನ್ ಚುಚ್ಚಿಸಿಕೊಂಡರೆ ಮೈಬಣ್ಣ ಬೆಳ್ಳಗಾಗುತ್ತದೆ ಎನ್ನುವ ಮೆಸೇಜ್‌ಗಳನ್ನು ನಾವೆಲ್ಲ ನೋಡುತ್ತಲೇ ಇರುತ್ತೇವೆ. ಈ ವಸ್ತುವಿಗೆ 1921ರಲ್ಲಿ ಹೆಸರಿಟ್ಟವರು ಇಂಗ್ಲೆಂಡಿನ ವಿಜ್ಞಾನಿ ಫ್ರೆಡರಿಕ್ ಗೌಲ್ಯಾಂಡ್ ಹಾಪ್‌ಕಿನ್ಸ್. ಅವರ ಬದುಕು ಗೊತ್ತಾದರೆ ಈ ಮೆಸೇಜ್‌ಗಳಲ್ಲಿ ಎಷ್ಟು ಹುರುಳಿದೆ ಎಂಬುದೂ ಗೊತ್ತಾಗುತ್ತದೆ.

ಗುಮಾಸ್ತನಿಂದ ಪ್ರೊಫೆಸರ್ ಹುದ್ದೆಗೆ

ಹಾಪ್‌ಕಿನ್ಸ್ ಹುಟ್ಟಿದ್ದು 1861ರಲ್ಲಿ, ಈಸ್ಟ್‌ಬೋರ್ನ್ ಎಂಬ ಊರಿನಲ್ಲಿ. ಹಸುಗೂಸಾಗಿದ್ದಾಗಲೇ ತಂದೆ ತೀರಿಕೊಂಡರು. 17ನೇ ವಯಸ್ಸಿಗೆ ವಿಮಾ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. ಆಮೇಲೆ ರಸಾಯನಶಾಸ್ತ್ರ ಕಲಿತು, ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ಓದಿ, 1898ರಲ್ಲಿ ಕೇಂಬ್ರಿಡ್ಜ್ ಸೇರಿದರು. 1914ರಲ್ಲಿ ಅಲ್ಲಿಯೇ ಜೀವರಸಾಯನಶಾಸ್ತ್ರದ ಪ್ರೊಫೆಸರ್ ಆದರು.

1912ರಲ್ಲಿ ಪ್ರಕಟವಾದ ಅವರ ಪ್ರಯೋಗ ಬಹಳ ಸರಳ. ಎಳೆಯ ಇಲಿಗಳಿಗೆ ಶುದ್ಧ ಪ್ರೋಟೀನ್, ಪಿಷ್ಟ, ಸಕ್ಕರೆ, ಕೊಬ್ಬು, ಲವಣಗಳನ್ನು ಕೊಟ್ಟರು. ಹೊಟ್ಟೆ ತುಂಬಿದರೂ ಇಲಿಗಳು ಬೆಳೆಯಲಿಲ್ಲ. ದಿನಕ್ಕೆ 2–3 ಎಂಎಲ್ ಹಾಲು ಸೇರಿಸಿದ ಕೂಡಲೇ ಬೆಳೆದವು. ಆಹಾರದಲ್ಲಿ ಬೇರೇನೋ ಸೂಕ್ಷ್ಮ ಅಂಶಗಳಿವೆ ಎಂದು ಇದರಿಂದ ತಿಳಿಯಿತು. ಅವನ್ನೇ ನಾವು ಇಂದು ವಿಟಮಿನ್ ಎನ್ನುತ್ತೇವೆ. ಇದಕ್ಕಾಗಿ 1929ರಲ್ಲಿ ಐಕ್‌ಮನ್ ಜೊತೆ ಅವರಿಗೆ ನೊಬೆಲ್ ಬಂತು. ಮೊದಲ ಮಹಾಯುದ್ಧದ ಕಾಲದಲ್ಲಿ, ಮಾರ್ಗರೀನ್‌ನಲ್ಲಿ ಬೆಣ್ಣೆಯಲ್ಲಿರುವ ಎ ಮತ್ತು ಡಿ ವಿಟಮಿನ್‌ಗಳಿಲ್ಲ ಎಂದು ತೋರಿಸಿದವರೂ ಇವರೇ. ಕೊಬ್ಬುಗಳೆಲ್ಲ ಒಂದೇ ಅಲ್ಲ ಎಂಬುದು ಹೀಗೆ ಸ್ಪಷ್ಟವಾಯಿತು.

ಗ್ಲುಟಾಥಯೋನ್ ಮಾಡುವುದೇನು?

ಹಳೆಯ ಎಣ್ಣೆ ಗಾಳಿ ತಾಗಿ ಕಮಟು ಹಿಡಿಯುವುದನ್ನು ನಾವು ಅಡುಗೆಮನೆಯಲ್ಲಿ ಕಂಡಿದ್ದೇವೆ. ಜೀವಕೋಶಗಳ ಪೊರೆಯಲ್ಲಿರುವ ಕೊಬ್ಬಿಗೂ ಆಮ್ಲಜನಕದಿಂದ ಇಂಥದೇ ಹಾನಿ ಆಗಬಹುದು. ಹಾನಿ ಒಂದು ಕಣದಿಂದ ಪಕ್ಕದ ಕಣಕ್ಕೆ ಹಬ್ಬುತ್ತಾ ಹೋಗುತ್ತದೆ. ತಡೆಯುವ ಶಕ್ತಿಗಿಂತ ಹಾನಿ ಹೆಚ್ಚಾದರೆ ಅದು ಆಕ್ಸಿಡೇಟಿವ್ ಸ್ಟ್ರೆಸ್. ಔಷಧಿ, ಮದ್ಯ, ಕೊಬ್ಬು ಎಲ್ಲವನ್ನೂ ಸಂಭಾಳಿಸುವ ಲಿವರ್‌ಗೆ ಇದರ ಕಾಟ ಹೆಚ್ಚು. ಪೊರೆಯೊಳಗೆ ವಿಟಮಿನ್ ಇ ಈ ಸರಪಳಿಯನ್ನು ಕಡಿಯುತ್ತದೆ. ಗ್ಲುಟಾಥಯೋನ್ ಸೆಲೆನಿಯಂ ಇರುವ ಕಿಣ್ವದ ಜೊತೆಗೂಡಿ ಹಾನಿಕಾರಕ ಪೆರಾಕ್ಸೈಡ್‌ಗಳನ್ನು ನಿಷ್ಕ್ರಿಯಗೊಳಿಸುತ್ತದೆ.

ಹಾಪ್‌ಕಿನ್ಸ್ ಮೊದಲು ಇದರಲ್ಲಿ ಎರಡೇ ಅಮೈನೋ ಆಮ್ಲಗಳಿವೆ ಎಂದುಕೊಂಡಿದ್ದರು. ಬೇರೆಯವರು ಅದನ್ನು ಪ್ರಶ್ನಿಸಿದಾಗ ಮತ್ತೆ ಪರೀಕ್ಷಿಸಿ, 1929ರಲ್ಲಿ ಮೂರು ಇವೆ ಎಂದು ತಾವೇ ತಿದ್ದಿಕೊಂಡರು. ಅವು ಗ್ಲುಟಾಮಿಕ್ ಆಮ್ಲ, ಸಿಸ್ಟೀನ್ ಮತ್ತು ಗ್ಲೈಸಿನ್. ಈ ಮೂರನ್ನು ಜೋಡಿಸಿ ನಮ್ಮ ಲಿವರ್ ತಾನೇ ಗ್ಲುಟಾಥಯೋನ್ ತಯಾರಿಸಿಕೊಳ್ಳುತ್ತದೆ.

ಹಾಗಾದರೆ ಮಾತ್ರೆ, ಇಂಜೆಕ್ಷನ್ ಬೇಕೇ?

ನುಂಗಿದ ಗ್ಲುಟಾಥಯೋನ್‌ನ ಹೆಚ್ಚಿನ ಪಾಲು ಹೊಟ್ಟೆ, ಕರುಳಿನಲ್ಲೇ ಒಡೆದುಹೋಗುತ್ತದೆ. ಬಣ್ಣ ಬೆಳ್ಳಗಾಗಲೆಂದು ಕೊಡುವ ಇಂಜೆಕ್ಷನ್ ಬಗ್ಗೆ ಫಿಲಿಪ್ಪೀನ್ಸ್‌ನ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆಯನ್ನೇ ಕೊಟ್ಟಿದೆ.

ಗ್ಲುಟಾಥಯೋನ್ ನಿಜವಾಗಿಯೂ ಜೀವ ಉಳಿಸುವ ಸಂದರ್ಭ ಒಂದಿದೆ. ಪ್ಯಾರಾಸಿಟಮಾಲ್ ಮಿತಿಮೀರಿ ನುಂಗಿದಾಗ ಲಿವರ್‌ನಲ್ಲಿರುವ ಗ್ಲುಟಾಥಯೋನ್ ಬರಿದಾಗಿ ಜೀವಕೋಶಗಳು ಸಾಯುತ್ತವೆ. ಆಗ ಆಸ್ಪತ್ರೆಯಲ್ಲಿ ಕೊಡುವುದು ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧಿ. ಅದರಿಂದ ಸಿಗುವ ಸಿಸ್ಟೀನ್ ಬಳಸಿ ಲಿವರ್ ಮತ್ತೆ ತಾನೇ ಗ್ಲುಟಾಥಯೋನ್ ಮಾಡಿಕೊಳ್ಳುತ್ತದೆ. ಇಂಥ ಸ್ಥಿತಿಯಲ್ಲಿ ಮನೆಮದ್ದು ಹುಡುಕುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಉಳಿದಂತೆ ಬೇಳೆಕಾಳು, ಹಾಲು, ಮೊಟ್ಟೆಯಿಂದ ಬೇಕಾದ ಅಮೈನೋ ಆಮ್ಲಗಳು ಸಿಗುತ್ತವೆ. ಕಡಲೆಕಾಯಿ, ಸೂರ್ಯಕಾಂತಿ ಎಣ್ಣೆಯಲ್ಲಿ ವಿಟಮಿನ್ ಇ ಇದೆ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಬೇಡಿ, ಮದ್ಯದಿಂದ ದೂರವಿರಿ.

ಹಾಪ್‌ಕಿನ್ಸ್ 1947ರಲ್ಲಿ ಕೇಂಬ್ರಿಡ್ಜ್‌ನಲ್ಲಿ ತೀರಿಕೊಂಡರು. ಗ್ಲುಟಾಥಯೋನ್ ಮಾರುವ ಮೆಸೇಜ್ ಬಂದರೆ ಮುಂದೆ ಕಳಿಸುವ ಮೊದಲು ಅವರ ಕಥೆಯನ್ನೊಮ್ಮೆ ನೆನಪಿಸಿಕೊಳ್ಳೋಣ.