ದೇವಾಲಯದ ಬಾಗಿಲು ಮಾಡಿದ ಗೋಲ್‌ಕೀಪರ್

ಪರೀಕ್ಷೆಯಲ್ಲಿ ಸೋತ ಮಗನೋ, ಆಸೆಪಟ್ಟ ಕೆಲಸ ಕೈತಪ್ಪಿದ ಮಗಳೋ ನಿಮ್ಮ ಮನೆಯಲ್ಲಿದ್ದಾರೆಯೇ? ಇನ್ನು ಮುಂದೇನು ಎಂಬ ಚಿಂತೆ ಊಟದ ಹೊತ್ತಿಗೂ ಮನೆಯವರನ್ನು ಬಿಡುತ್ತಿಲ್ಲವೇ? ಹಾಗಿದ್ದರೆ ಸ್ಪೇನ್ ದೇಶದ ಒಬ್ಬ ಫುಟ್ಬಾಲ್ ಆಟಗಾರರ ಬದುಕನ್ನು ನೀವು ತಿಳಿಯಬೇಕು.

ಅವರ ಹೆಸರು ಎದ್ವಾರ್ದೊ ಚಿಯಿದಾ. ಉತ್ತರ ಸ್ಪೇನಿನ ಬಾಸ್ಕ್ ನಾಡಿನಲ್ಲಿ ಸಾನ್ ಸೆಬಾಸ್ಟಿಯನ್ ಎಂಬ ಕಡಲತೀರದ ಪಟ್ಟಣವಿದೆ. 1924ರ ಜನವರಿ 10ರಂದು ಅವರು ಅಲ್ಲಿ ಹುಟ್ಟಿದರು. ತಂದೆ ಸೈನ್ಯದ ಅಧಿಕಾರಿ, ತಾಯಿ ಹಾಡುಗಾರ್ತಿ. ಊರಿನ ಅಂಚಿನ ಬಂಡೆಗಳಿಗೆ ಅಲೆ ಬಡಿಯುವುದನ್ನು ನೋಡುತ್ತ ನಿಲ್ಲುವುದು ಬಾಲಕನಿಗೆ ಬಲು ಇಷ್ಟ. ಅದಕ್ಕಿಂತ ಇಷ್ಟ ಫುಟ್ಬಾಲ್.

ಊರಿನ ತಂಡ ರಿಯಲ್ ಸೊಸಿಯೆದಾದ್ ಆಗ ಎರಡನೇ ದರ್ಜೆಯ ಲೀಗ್‌ನಲ್ಲಿ ಆಡುತ್ತಿತ್ತು. 1942-43ರ ಸಾಲಿನಲ್ಲಿ ಯುವಕ ಚಿಯಿದಾ ಅದರ ಗೋಲ್‌ಕೀಪರ್ ಆದರು. ದೊಡ್ಡ ಆಟಗಾರನಾಗುವ ಹುಡುಗ ಎಂದು ಜನ ನಂಬಿದ್ದರು. ಆದರೆ ಆಡಿದ್ದು 14 ಪಂದ್ಯಗಳು ಮಾತ್ರ. ಒಂದು ಪಂದ್ಯದಲ್ಲಿ ಎದುರಾಳಿ ಆಟಗಾರನಿಗೆ ಡಿಕ್ಕಿಯಾಗಿ ಮೊಣಕಾಲು ಮುರಿದುಹೋಯಿತು. ಐದು ಸಲ ಶಸ್ತ್ರಚಿಕಿತ್ಸೆ ನಡೆದರೂ ಕಾಲು ಮೊದಲಿನಂತಾಗಲಿಲ್ಲ. ಆ ಸಾಲಿನ ಕೊನೆಯಲ್ಲಿ ತಂಡವೇನೋ ಮೊದಲ ದರ್ಜೆಗೆ ಏರಿತು. ಚಿಯಿದಾ ಅವರ ಆಟ ಮಾತ್ರ ಹತ್ತೊಂಬತ್ತನೇ ವಯಸ್ಸಿಗೇ ಮುಗಿಯಿತು.

ಕಷ್ಟ ಅಲ್ಲಿಗೇ ನಿಲ್ಲಲಿಲ್ಲ. 1943ರಲ್ಲಿ ಅವರು ಕಟ್ಟಡ ವಿನ್ಯಾಸ ಕಲಿಯಲು ಮ್ಯಾಡ್ರಿಡ್‌ಗೆ ಹೋದರು. ಕೆಲವು ವರ್ಷ ಓದಿ, ಪದವಿ ಮುಗಿಸದೆ ಬಿಟ್ಟು, ಚಿತ್ರ ಬಿಡಿಸಲು ಕುಳಿತರು. ಅಲ್ಲಿ ಒಂದು ವಿಚಿತ್ರ ನಡೆಯಿತು. ಅವರ ಬಲಗೈಗೆ ಚಿತ್ರ ಬಹಳ ಸುಲಭವಾಗಿ ಬರುತ್ತಿತ್ತು, ನೋಡಿದವರೆಲ್ಲ ಮೆಚ್ಚುತ್ತಿದ್ದರು. ಇಷ್ಟು ಸುಲಭವಾಗಿ ಬಂದದ್ದರಲ್ಲಿ ಸತ್ವವಿರಲಾರದೆಂದು ಅವರಿಗೆ ಅನ್ನಿಸಿತು. ಕೈ ಮುಂದೆ ಓಡಿ ಮನಸ್ಸು ಹಿಂದುಳಿಯಬಾರದೆಂದು ಎಡಗೈಯಲ್ಲಿ ಬಿಡಿಸತೊಡಗಿದರು. ಸುಲಭದ ಹೊಗಳಿಕೆಯನ್ನು ಬಿಟ್ಟು ಕಷ್ಟವನ್ನು ಆರಿಸಿಕೊಳ್ಳುವವರು ನಮ್ಮಲ್ಲಿ ಎಷ್ಟು ಮಂದಿ?

1948ರಲ್ಲಿ ಪ್ಯಾರಿಸ್‌ಗೆ ಹೋಗಿ ಶಿಲ್ಪ ಮಾಡತೊಡಗಿದರು. 1950ರಲ್ಲಿ ಪಿಲಾರ್ ಬೆಲ್ಸುನ್ಸೆ ಅವರನ್ನು ಮದುವೆಯಾದರು. ಆದರೆ ಅಲ್ಲಿ ತಮ್ಮ ದಾರಿ ಮುಚ್ಚಿಹೋದಂತೆ ಅವರಿಗೆ ಕಂಡಿತು. ಆಟ ಹೋಯಿತು, ಓದು ಹೋಯಿತು, ಈಗ ಕಲೆಯೂ ಕೈಬಿಡುವಂತಿತ್ತು. 1951ರಲ್ಲಿ ಗಂಡಹೆಂಡಿರು ತಾಯ್ನಾಡಿಗೆ ಮರಳಿ, ಎರ್ನಾನಿ ಎಂಬ ಊರಿನಲ್ಲಿ ನೆಲೆಸಿದರು.

ಅಲ್ಲೊಂದು ಕಮ್ಮಾರನ ಕುಲುಮೆಯಿತ್ತು. ಒಳಗೆ ಕತ್ತಲು, ಕೆಂಡ, ಸುತ್ತಿಗೆಯ ಸದ್ದು. ಪ್ಯಾರಿಸ್ ಕಂಡುಬಂದ ಯುವಕ ಹಳ್ಳಿಯ ಕಮ್ಮಾರನಿಂದ ಕಬ್ಬಿಣ ಕಾಯಿಸಿ ಬಡಿಯುವುದನ್ನು ಕಲಿತರು. ಹುಡುಕುತ್ತಿದ್ದದ್ದು ಅಲ್ಲಿ ಸಿಕ್ಕಿತು. ಅದೇ ವರ್ಷ ಅವರ ಮೊದಲ ಕಬ್ಬಿಣದ ಶಿಲ್ಪ ರೂಪುಗೊಂಡಿತು.

ಬಾಸ್ಕ್ ನಾಡಿನ ಬೆಟ್ಟಗಳ ನಡುವೆ ಅರಾನ್ಸಾಸು ಎಂಬ ಮಾತೆ ಮರಿಯಮ್ಮನವರ ಪುಣ್ಯಕ್ಷೇತ್ರವಿದೆ. 15ನೇ ಶತಮಾನದಲ್ಲಿ ಕುರುಬನೊಬ್ಬ ಮುಳ್ಳಿನ ಪೊದೆಯಲ್ಲಿ ಮಾತೆಯ ಪ್ರತಿಮೆಯನ್ನು ಕಂಡನೆಂಬುದು ಅಲ್ಲಿನ ಪರಂಪರೆ. ಫ್ರಾನ್ಸಿಸ್ಕನ್ ಗುರುಗಳು 1950ರಲ್ಲಿ ಅಲ್ಲಿ ಹೊಸ ಮಹಾದೇವಾಲಯ ಕಟ್ಟಲು ಆರಂಭಿಸಿದರು. ಅದರ ಬಾಗಿಲುಗಳ ಕೆಲಸ ಮೂವತ್ತು ವರ್ಷದ ಚಿಯಿದಾ ಅವರ ಪಾಲಿಗೆ ಬಂತು. 1954ರಲ್ಲಿ ನಾಲ್ಕು ಕಬ್ಬಿಣದ ಬಾಗಿಲುಗಳು ಸಿದ್ಧವಾದವು. ಅವುಗಳಲ್ಲಿ ಹೊಳಪಿಲ್ಲ, ಸಂತರ ಚಿತ್ರಗಳಿಲ್ಲ, ಸರಳ ಆಕಾರಗಳಷ್ಟೇ. ಯಾತ್ರಿಕರು ಮೆಟ್ಟಿಲಿಳಿದು ಆ ಬಾಗಿಲುಗಳಿಂದ ಒಳಗೆ ಹೋಗುತ್ತಾರೆ. ಚೆಂಡು ಒಳನುಗ್ಗದಂತೆ ಗೋಲು ಕಾಯುತ್ತಿದ್ದ ಕೈಗಳು ಈಗ ಜನರನ್ನು ಒಳಗೆ ಕರೆಯುವ ಬಾಗಿಲು ಮಾಡಿದ್ದವು.

ಮುಂದೆ ಅವರ ಹೆಸರು ಲೋಕಕ್ಕೆಲ್ಲ ತಿಳಿಯಿತು. 1958ರಲ್ಲಿ ವೆನಿಸ್ ಪ್ರದರ್ಶನದಲ್ಲಿ ಶಿಲ್ಪಕಲೆಯ ದೊಡ್ಡ ಬಹುಮಾನ ಬಂತು. ಬಾಲ್ಯದಲ್ಲಿ ಅಲೆ ನೋಡುತ್ತಿದ್ದ ಬಂಡೆಗಳ ಮೇಲೆಯೇ 1977ರಲ್ಲಿ ಗಾಳಿಯ ಬಾಚಣಿಗೆ ಎಂಬ ಮೂರು ಉಕ್ಕಿನ ಶಿಲ್ಪಗಳು ನಿಂತವು. ಯುದ್ಧದಲ್ಲಿ ಬಾಂಬಿಗೆ ತುತ್ತಾಗಿದ್ದ ಗೆರ್ನಿಕಾ ಪಟ್ಟಣದಲ್ಲಿ 1988ರಲ್ಲಿ ನಮ್ಮ ತಂದೆಯ ಮನೆ ಎಂಬ ಶಿಲ್ಪ ಎದ್ದಿತು. ದೇವರಲ್ಲಿ ವಿಶ್ವಾಸವಿಟ್ಟಿದ್ದ ಅವರು ಅನೇಕ ಶಿಲುಬೆಗಳನ್ನೂ, ಜರ್ಮನಿಯ ಕೊಲೋನ್ ನಗರದ ಸಂತ ಪೇತ್ರರ ದೇವಾಲಯಕ್ಕಾಗಿ ಕಲ್ಲಿನ ಬಲಿಪೀಠವನ್ನೂ ಮಾಡಿದರು. ಅವರಿಗೂ ಪಿಲಾರ್ ಅವರಿಗೂ ಎಂಟು ಮಂದಿ ಮಕ್ಕಳು.

ಇಷ್ಟು ಹೆಸರು ಬಂದ ಮೇಲೂ ಅವರು ಫುಟ್ಬಾಲನ್ನು ಮರೆಯಲಿಲ್ಲ. ಗೋಲ್‌ಕೀಪರನಿಗೂ ಶಿಲ್ಪಿಗೂ ಬೇಕಾದ ಗುಣಗಳು ಒಂದೇ ಎಂದು ಹೇಳುತ್ತಿದ್ದರು. ಚೆಂಡು ಎಲ್ಲಿಂದ, ಯಾವ ಕ್ಷಣಕ್ಕೆ ಬರುತ್ತದೆಂದು ಅಳೆಯಲು ಕಲಿತದ್ದು ಗೋಲಿನ ಮುಂದೆ. ಜಾಗವನ್ನು ಅಳೆಯುವ ಅದೇ ಕಣ್ಣು ಶಿಲ್ಪದಲ್ಲಿ ನೆರವಾಯಿತು. ಹಾಗಾದರೆ ಆ 14 ಪಂದ್ಯಗಳು ವ್ಯರ್ಥವಾದವೆಂದು ಹೇಗೆ ಹೇಳುವುದು?

ಕೊನೆಯ ವರ್ಷಗಳಲ್ಲಿ ಮರೆವಿನ ರೋಗ ಅವರನ್ನು ಕಾಡಿತು. 2002ರ ಆಗಸ್ಟ್ 19ರಂದು, 78ನೇ ವಯಸ್ಸಿನಲ್ಲಿ, ಹುಟ್ಟಿದ ಊರಿನಲ್ಲೇ ತೀರಿಕೊಂಡರು. ಎರ್ನಾನಿಯಲ್ಲಿ ಅವರ ಶಿಲ್ಪಗಳಿಂದ ತುಂಬಿದ ತೋಟವಿದೆ. ಅಲ್ಲಿನ ಮರವೊಂದರ ಕೆಳಗೆ ಅವರ ಸಮಾಧಿಯಿದೆ.

ಓದುಗರೇ, ಮುರಿದ ಮೊಣಕಾಲು ಒಳ್ಳೆಯದೆಂದು ಯಾರೂ ಹೇಳಲಾರರು. ಆ ಯುವಕನ ನೋವು ನಿಜವಾದದ್ದು, ನಿಮ್ಮ ಮಗುವಿನ ನೋವೂ ನಿಜವಾದದ್ದು. ಚಿಯಿದಾ ಅವರಿಗೆ ತಮ್ಮ ಕುಲುಮೆ ಸಿಗಲು ಎಂಟು ವರ್ಷ ಬೇಕಾಯಿತು. ಆ ವರ್ಷಗಳಲ್ಲಿ ಅವರು ಸುಮ್ಮನೆ ಕೂರಲಿಲ್ಲ. ಇಂದು ರಾತ್ರಿ ಜಪಸರ ಮುಗಿದ ಮೇಲೆ ಆ ಮಗುವಿನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಸೋತದ್ದೇಕೆಂದು ಕೇಳಬೇಡಿ. ಯಾವ ಕೆಲಸ ಮಾಡುವಾಗ ನಿನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ ಎಂದು ಕೇಳಿ. ಉತ್ತರಕ್ಕೆ ಅವಸರ ಮಾಡಬೇಡಿ.